ಒಂಬತ್ತನೆಯ ತರಗತಿಯಲ್ಲಿ ನಾನು ಹಿಡಿದ ಕಳ್ಳತನ

ಇಂಟರ್‌ನೆಟ್ಟಿನಲ್ಲಿ ಬಂದದ್ದನ್ನೆಲ್ಲ ನಂಬಬಾರದು ಎಂದು ಮಕ್ಕಳಿಗೆ ಕಲಿಸುವ ಕೆಲಸ ನನಗೆ ಬಂದದ್ದು ಒಂದು ತರಬೇತಿಯಿಂದ. ಆ ತರಬೇತಿಗೆ ಹೋಗಲು ನಮ್ಮ ಶಾಲೆಯಲ್ಲಿ ಬೇರೆ ಯಾರಿಗೂ ಮನಸ್ಸಿರಲಿಲ್ಲ. ಕನ್ನಡ ಕಲಿಸುವವರಿಗೆ ಕೆಲಸ ಕಡಿಮೆ ಎಂದು ಮುಖ್ಯ ಗುರುಗಳು ನನ್ನ ಹೆಸರು ಬರೆದು ಕಳಿಸಿದರು. ನನ್ನ ಶಾಲೆ ಹುಮನಾಬಾದಿನಲ್ಲಿ, ಮನೆ ಬಸವಕಲ್ಯಾಣದಲ್ಲಿ. ದಿನವೂ ಬಸ್ಸಿನಲ್ಲಿ ಓಡಾಡುವವನಿಗೆ ಮೂರು ದಿನದ ತರಬೇತಿ ಒಂದು ರಜೆಯ ಹಾಗೆ ಕಂಡಿತ್ತು. ಆದರೆ ಅಲ್ಲಿ ಕೇಳಿದ್ದು ನನ್ನನ್ನು ಹಿಡಿದುಬಿಟ್ಟಿತು.

ಬಂದ ಮೇಲೆ ಶನಿವಾರದ ಮೊದಲ ಪಿರಿಯಡ್ಡನ್ನು ಅದಕ್ಕೇ ಇಟ್ಟುಕೊಂಡೆ. ಆಗ ಊರಲ್ಲಿ ಒಂದು ಸುದ್ದಿ ಓಡಾಡುತ್ತಿತ್ತು, ಕಾರ್ಖಾನೆಗಳ ಕಡೆ ವಿಷದ ಗಾಳಿ ಸೋರಿದೆ, ಎಲ್ಲ ಶಾಲೆಗಳಿಗೆ ಒಂದು ವಾರ ರಜೆ ಎಂದು. ಜೊತೆಗೆ ಹೊಗೆ ಏಳುತ್ತಿರುವ ಒಂದು ಫೋಟೋ. ಒಂಬತ್ತನೆಯ ತರಗತಿಯ ಮಕ್ಕಳು ನನ್ನ ಮೊಬೈಲಿನಲ್ಲೇ ಆ ಫೋಟೋವನ್ನು ಹುಡುಕಿ, ಅದು ಬೇರೆ ಯಾವುದೋ ದೇಶದ್ದು, ಎಷ್ಟೋ ವರ್ಷ ಹಳೆಯದು ಎಂದು ಕಂಡುಹಿಡಿದರು. ರಜೆ ತಪ್ಪಿದ್ದಕ್ಕೆ ಬೇಸರವಾದರೂ ಸುಳ್ಳನ್ನು ಹಿಡಿದ ಖುಷಿ ಅವರ ಮುಖದಲ್ಲಿತ್ತು. ಅಂದಿನಿಂದ ಅವರಿಗೆ ನಾನು ಡಿಜಿಟಲ್ ಸರ್ ಆದೆ. ಕರೆದಾಗ ಸುಮ್ಮನೆ ನಕ್ಕರೂ ಒಳಗೆ ಹಿಗ್ಗುತ್ತಿದ್ದೆ.

ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದೆ. ಯಾವುದನ್ನೇ ನಂಬುವ ಮೊದಲು ಇದನ್ನು ಬರೆದವರು ಯಾರು, ಬರೆದದ್ದು ಯಾವಾಗ, ಮೊದಲು ಬಂದದ್ದು ಎಲ್ಲಿ ಎಂದು ಕೇಳಬೇಕು ಅಂತ ಅದರಲ್ಲಿ ನನ್ನ ಕೈಯಾರೆ ಬರೆದಿದ್ದೆ. ಕೆಳಗೆ ಕೆಂಪು ಶಾಯಿಯಲ್ಲಿ, ಬೇರೆಯವರದನ್ನು ಕೇಳದೆ ತೆಗೆದುಕೊಂಡರೆ, ಅವರ ಹೆಸರು ಹಾಕದಿದ್ದರೆ, ಅದು ಕಳವು ಎಂದಿತ್ತು. ಮಕ್ಕಳು ಪ್ರಾಜೆಕ್ಟಿನಲ್ಲಿ ಚಿತ್ರ ಅಂಟಿಸಿ ಅದರ ಅಡಿಗೆ ‘ಕೃಪೆ: ಇಂಟರ್‌ನೆಟ್’ ಎಂದು ಬರೆಯುತ್ತಿದ್ದರು. ಇಂಟರ್‌ನೆಟ್ ಅನ್ನುವ ಹೆಸರಿನ ಮನುಷ್ಯ ಎಲ್ಲಿದ್ದಾನೆ, ತೋರಿಸಿ ಎಂದು ನಾನು ಗದರುತ್ತಿದ್ದೆ. ಆ ಚಿತ್ರವನ್ನು ಒಬ್ಬರು ಬಿಸಿಲಲ್ಲಿ ನಿಂತು ತೆಗೆದಿರುತ್ತಾರೆ, ಅವರ ಹೆಸರು ಹುಡುಕಿ ಹಾಕಿ ಅನ್ನುತ್ತಿದ್ದೆ.

ಆ ತರಗತಿಯಲ್ಲಿ ಕಿಟಕಿಯ ಪಕ್ಕದ ಮೂರನೆಯ ಬೆಂಚಿನಲ್ಲಿ ಕೂಡುತ್ತಿದ್ದ ಒಬ್ಬ ಹುಡುಗಿಯ ವಿಷಯವನ್ನು ಈಗ ಬರೆಯಬೇಕು. ಅವಳ ತಂದೆ ಹೆದ್ದಾರಿಯ ಪಕ್ಕದಲ್ಲಿ ಲಾರಿಗಳ ತಾಡಪಾಲು ಹೊಲಿಯುತ್ತಿದ್ದರು. ತಾಯಿ ಕಾಳಿನ ಬಜಾರದ ಒಂದು ಅಂಗಡಿಯಲ್ಲಿ ತೊಗರಿ, ಉದ್ದು, ಹೆಸರುಕಾಳಿನ ಕಲ್ಲು ಆರಿಸಿ ಹಸನು ಮಾಡುವ ಕೆಲಸಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ಆಡುವುದು ದಖ್ಖನಿ ಉರ್ದು. ಕನ್ನಡವನ್ನು ಆ ಹುಡುಗಿ ಓಣಿಯಲ್ಲಿ ಮತ್ತು ಶಾಲೆಯಲ್ಲಿ ಕಲಿತಿದ್ದಳು. ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಎರಡು ವರ್ಷ ನನ್ನ ಎದುರಿಗೆ ಕೂತಿದ್ದರೂ ಅವಳ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಬಸವಕಲ್ಯಾಣದಲ್ಲಿ ಜಿಲ್ಲೆಯ ಶಾಲೆಗಳಿಗೆಲ್ಲ ಒಂದು ಪ್ರಬಂಧ ಸ್ಪರ್ಧೆ ಇಟ್ಟಿದ್ದರು. ಮನೆಯವರ ದುಡಿಮೆಯ ಬಗ್ಗೆ ಅಲ್ಲೇ ಕೂತು ಬರೆಯಬೇಕು, ಒಂದು ಶಾಲೆಯಿಂದ ಒಬ್ಬರೇ ಬರಬೇಕು. ಆರಿಸಲಿಕ್ಕೆಂದು ನಾನು ತರಗತಿಯಲ್ಲಿ ಆಸೆ ಇದ್ದವರೆಲ್ಲ ಬರೆದು ತನ್ನಿ ಅಂದೆ. ಹನ್ನೊಂದು ಜನ ತಂದರು. ಆ ಹುಡುಗಿಯೂ ತಂದಿದ್ದಳು. ಅವಳದರಲ್ಲಿ ಹೀಗಿತ್ತು:

‘ಅಮ್ಮಿ ಬಿಸಿಲಿಗೆ ಬೆನ್ನು ಕೊಟ್ಟು ಕೂಡುತ್ತಾಳೆ. ಮೊರದ ಮೇಲೆ ಅವಳ ನೆರಳು ಬೀಳುತ್ತದೆ. ನೆರಳಿನಲ್ಲಿ ತೊಗರಿಕಾಳೂ ಕಲ್ಲೂ ಒಂದೇ ಬಣ್ಣ. ಕಣ್ಣಿಗೆ ತಿಳಿಯದ್ದು ಅವಳ ಬೆರಳಿಗೆ ತಿಳಿಯುತ್ತದೆ. ಕಲ್ಲು ತಣ್ಣಗಿರುತ್ತದೆ.’

ಮುಗಿಸಿ ಮತ್ತೆ ಮೊದಲಿನಿಂದ ಓದಿದೆ. ಆಮೇಲೆ ಒಂದು ಅನುಮಾನ ಬಂತು. ಈ ಸಾಲುಗಳನ್ನು ನಾನು ಮೊದಲೇ ಎಲ್ಲೋ ಓದಿದ್ದೇನೆ ಅನ್ನಿಸಿತು. ಅನುಮಾನದ ಜೊತೆಗೇ ಇನ್ನೊಂದು ಯೋಚನೆಯೂ ಬಂತು, ಅದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಮನೆಯಲ್ಲಿ ಕನ್ನಡವನ್ನೇ ಆಡದ ಹುಡುಗಿ ಇಂಥ ಕನ್ನಡ ಎಲ್ಲಿಂದ ತಂದಳು ಎಂದು ಯೋಚಿಸಿದೆ. ಉಳಿದ ಹತ್ತು ಪ್ರಬಂಧಗಳಲ್ಲಿ ಯಾವುದರ ಬಗ್ಗೆಯೂ ಈ ಪ್ರಶ್ನೆ ನನಗೆ ಬರಲಿಲ್ಲ.

ಒಂದು ಸಾಲನ್ನು ಮೊಬೈಲಿನಲ್ಲಿ ಹಾಕಿ ಹುಡುಕಿದೆ. ಸಿಕ್ಕಿತು. ಮನಸ್ಸಿಗೆ ತಟ್ಟುವ ಬರಹಗಳನ್ನು ಹಾಕುವ ಯಾವುದೋ ಪುಟ. ಒಬ್ಬ ಮುದುಕಿಯ ಫೋಟೋ, ಅದರ ಕೆಳಗೆ ಅವೇ ಸಾಲುಗಳು, ನೂರಾರು ಜನರ ಮೆಚ್ಚುಗೆ. ಒಂದೇ ವ್ಯತ್ಯಾಸ, ಅಲ್ಲಿ ಅಮ್ಮಿ ಇರಲಿಲ್ಲ, ಅವ್ವ ಇತ್ತು. ಹುಡುಗಿ ಜಾಣತನದಿಂದ ಒಂದು ಪದ ಬದಲಿಸಿ ತನ್ನದು ಮಾಡಿಕೊಂಡಿದ್ದಾಳೆ ಎಂದು ತೀರ್ಮಾನಿಸಿದೆ. ಪುಟವನ್ನು ಮುಚ್ಚುವಾಗ ನನಗೆ ಬೇಸರವಾಗಿರಲಿಲ್ಲ. ನಿಜ ಹೇಳಬೇಕೆಂದರೆ, ಪಾಠಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತಲ್ಲ ಎಂದು ಸಂತೋಷವಾಗಿತ್ತು.

ಶನಿವಾರ ಅವಳನ್ನು ಎದುರಿಗೆ ಕರೆದು ನಿಲ್ಲಿಸಿದೆ. ಮೊದಲು ಅವಳ ಪ್ರಬಂಧವನ್ನು, ಆಮೇಲೆ ಮೊಬೈಲಿನಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿದೆ.

“ಸರ್, ನಾನೇ ಬರ್ದೀನ್ರಿ,” ಅಂದಳು. “ಅದು ನಮ್ಮ ಅಮ್ಮಿ ಬಗ್ಗೆನೇ ಐತ್ರಿ.”

“ಹಂಗಾದ್ರ ಇಲ್ಲಿ ಹ್ಯಾಂಗ ಬಂತು?”

“ಗೊತ್ತಿಲ್ರಿ ಸರ್.”

ಅವ್ವ ಅಂತ ಇದ್ದದ್ದನ್ನು ಅಮ್ಮಿ ಮಾಡಿದರೆ ನನಗೆ ತಿಳಿಯುವುದಿಲ್ಲ ಅಂದುಕೊಂಡೆಯಾ ಎಂದು ಕೇಳಿದೆ. ಅವಳು ಅರ್ಥವಾಗದವಳಂತೆ ನನ್ನ ಮುಖ ನೋಡಿದಳು. ಗೋಡೆಯ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದನ್ನು ಎಲ್ಲರಿಗೂ ಕೇಳುವ ಹಾಗೆ ಓದು ಅಂದೆ. ಓದಿದಳು. ಕೊನೆಯ ಪದಕ್ಕೆ ಬಂದಾಗ ಅವಳ ದನಿ ಇಳಿದುಹೋಯಿತು. ಕೇಳಲಿಲ್ಲ, ಇನ್ನೊಮ್ಮೆ ಅಂದೆ. ಇನ್ನೊಮ್ಮೆ ಓದಿದಳು. ಅಳಲಿಲ್ಲ. ಹೋಗಿ ತನ್ನ ಜಾಗದಲ್ಲಿ ಕೂತು ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಇದ್ದಳು. ಬಟ್ಟೆ ವ್ಯಾಪಾರಿಯೊಬ್ಬರ ಮಗಳನ್ನು ಸ್ಪರ್ಧೆಗೆ ಆರಿಸಿದ್ದೇನೆಂದು ಅಲ್ಲೇ ಹೇಳಿದೆ.

ಊಟದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಈ ಸಂಗತಿಯನ್ನು ರಸವತ್ತಾಗಿ ಹೇಳಿದೆ. ಎಲ್ಲರೂ ತಲೆದೂಗಿದರು. ಗಣಿತದ ಮೇಡಂ ಮಾತ್ರ ರೊಟ್ಟಿ ಮುರಿಯುತ್ತ, ಆ ಪುಟದಲ್ಲಿ ಅದನ್ನು ಯಾವಾಗ ಹಾಕಿದ್ದಾರೆ, ನೋಡಿದಿರಾ ಎಂದು ಕೇಳಿದರು. ನೋಡಿರಲಿಲ್ಲ. ಅದರಲ್ಲಿ ನೋಡುವುದೇನಿದೆ ಎಂದು ಮಾತು ಹಾರಿಸಿದೆ.

ಸೋಮವಾರ, ಮಂಗಳವಾರ ಹುಡುಗಿ ಬರಲಿಲ್ಲ. ಬುಧವಾರ ಅವಳ ತಾಯಿ ಬಂದರು. ಕೆಲಸಕ್ಕೆ ಹೋಗುವ ಹಾದಿಯಲ್ಲಿ ಬಂದಿದ್ದಿರಬೇಕು, ಕೈಯಲ್ಲಿ ಬುತ್ತಿಯ ಚೀಲವಿತ್ತು. ವರಾಂಡದಲ್ಲಿ ಚಪ್ಪಲಿ ಬಿಟ್ಟು ನಿಂತರು. ಕೂಡಲು ಹೇಳಿದರೂ ಕೂಡಲಿಲ್ಲ. ಚೀಲದಿಂದ ಒಂದು ನೋಟ್‌ಬುಕ್ ತೆಗೆದು, ಗುರುತಿಗೆ ದಾರ ಇಟ್ಟಿದ್ದ ಪುಟ ಬಿಚ್ಚಿ ನನ್ನ ಮುಂದೆ ಹಿಡಿದರು.

“ಇದು ನೋಡ್ರಿ ಸರ್, ಹೋದ ವರ್ಷದ್ದು. ನನಗ ಓದಾಕ ಬರಂಗಿಲ್ಲ. ನಿಮ್ಮದೇ ಸಹಿ ಐತಿ ಅಂತ ಹುಡ್ಗಿ ಹೇಳ್ತಾಳ.”

ಎಂಟನೆಯ ತರಗತಿಯ ಕನ್ನಡ ನೋಟ್‌ಬುಕ್ಕು. ನಾನೇ ಬರೆಯಲು ಕೊಟ್ಟಿದ್ದ ಒಂದು ಪುಟದ ಬರಹ. ಅಮ್ಮಿ, ಬಿಸಿಲು, ಮೊರ, ನೆರಳು, ತಣ್ಣಗಿನ ಕಲ್ಲು. ಕೆಳಗೆ ಕೆಂಪು ಶಾಯಿಯಲ್ಲಿ ‘ಬಹಳ ಚೆನ್ನಾಗಿದೆ’ ಎಂದು ನನ್ನ ಅಕ್ಷರ, ನನ್ನ ಸಹಿ, ದಿನಾಂಕ.

ಅವರೆದುರಿಗೇ ಮೊಬೈಲ್ ತೆಗೆದು ಆ ಪುಟ ನೋಡಿದೆ. ಅದರಲ್ಲಿ ಹಾಕಿದ್ದು ನನ್ನ ಸಹಿಯಾದ ಎರಡು ತಿಂಗಳ ನಂತರ.

“ಆಕಿ ಚೋರಿ ಮಾಡೂ ಹುಡ್ಗಿ ಅಲ್ರಿ,” ಅಂದರು ಆ ತಾಯಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಬಜಾರದಾಗ ಇಷ್ಟು ವರ್ಷ ಆತ್ರಿ, ಒಂದು ಮುಟಗಿ ಕಾಳು ನಾ ಸೆರಗಿನ್ಯಾಗ ಕಟ್ಟಿಲ್ಲ. ನನ್ನ ಮಗಳಿಗೆ ಹಂಗಂದ್ರ ಹ್ಯಾಂಗ್ರಿ ಸರ್?”

ತಪ್ಪಾಯಿತು ಅಂದೆ. ನಾಳೆಯಿಂದ ಮಗಳನ್ನು ಕಳಿಸಿ, ಎಲ್ಲರ ಮುಂದೆ ನಾನೇ ಹೇಳುತ್ತೇನೆ ಅಂದೆ. ಅವರು ನೋಟ್‌ಬುಕ್ಕನ್ನು ಮತ್ತೆ ಚೀಲದಲ್ಲಿಟ್ಟುಕೊಂಡು, ಕೆಲಸಕ್ಕೆ ಹೊತ್ತಾಯಿತೆಂದು ಹೋದರು. ನಾನು ಮಾತ್ರ ಅಲ್ಲೇ ನಿಂತೆ. ಅವ್ವ ಅನ್ನುವ ಪದವನ್ನು ನೋಡುತ್ತ ನೋಡುತ್ತ ನನಗೆ ಎಲ್ಲ ನೆನಪಾಗಿತ್ತು.

ಆ ಪದವನ್ನು ಬದಲಿಸಿದವನು ನಾನೇ.

ನಮ್ಮ ಶಿಕ್ಷಕರದೊಂದು ಮೊಬೈಲ್ ಗ್ರೂಪ್ ಇದೆ. ಹುಮನಾಬಾದ್, ಬಸವಕಲ್ಯಾಣ ಎರಡೂ ಕಡೆಯವರು ಅದರಲ್ಲಿದ್ದಾರೆ. ಬೆಳಗಾದರೆ ಯಾರಾದರೂ ಒಂದು ಒಳ್ಳೆಯ ಮಾತು ಹಾಕುತ್ತಾರೆ, ಉಳಿದವರು ಕೈಮುಗಿಯುತ್ತಾರೆ. ನನಗೂ ಹಾಕುವ ಚಟವಿತ್ತು. ಎಂಟನೆಯವರ ನೋಟ್‌ಬುಕ್ ತಿದ್ದುತ್ತಿದ್ದ ದಿನ ಆ ಸಾಲುಗಳು ಹಿಡಿಸಿ, ಅಲ್ಲೇ ಕೂತು ಟೈಪ್ ಮಾಡಿದ್ದೆ. ಅಮ್ಮಿ ಅನ್ನುವ ಕಡೆ ಬೆರಳು ನಿಂತಿತ್ತು. ಅವ್ವ ಅಂದರೆ ಎಲ್ಲರಿಗೂ ಹತ್ತಿರವಾಗುತ್ತದೆ ಎಂದು ತಿದ್ದಿದೆ. ಎಲ್ಲರಿಗೂ ಎಂದರೆ ಯಾರು ಯಾರಿಗೆ ಎಂದು ಅವತ್ತು ಕೇಳಿಕೊಳ್ಳಲಿಲ್ಲ. ಕೆಳಗೆ ಅವಳ ಹೆಸರು ಹಾಕಲಿಲ್ಲ. ಹಾಕಿದರೆ ಅವ್ವ ಹೊಂದುತ್ತಿರಲಿಲ್ಲವಲ್ಲ.

ಅವತ್ತು ಮೆಚ್ಚುಗೆ ಬಂದದ್ದೂ ಬಂದದ್ದೇ. ನಡುವೆ ನಮ್ಮ ಬಸವಕಲ್ಯಾಣದ ನಿವೃತ್ತ ಮುಖ್ಯ ಗುರುಗಳೊಬ್ಬರು, ನಾನು ಬಹಳ ಗೌರವಿಸುವವರು, ‘ನಿಮ್ಮದೇ ಬರಹವೇ ಸರ್?’ ಎಂದು ಕೇಳಿದ್ದರು. ನಾನು ಕೈಮುಗಿದ ಚಿತ್ರ ಹಾಕಿದೆ. ಕೈಮುಗಿದದ್ದು ಹೌದು ಅಂತಲೂ ಆಗುತ್ತದೆ, ಧನ್ಯವಾದ ಅಂತಲೂ ಆಗುತ್ತದೆ, ಏನೂ ಅಲ್ಲ ಅಂತಲೂ ಆಗುತ್ತದೆ. ಅವರು ಹೇಗೆ ತಿಳಿಯುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನನ್ನನ್ನು ಸಾಹಿತಿಗಳೇ ಎಂದು ಕರೆದರು. ನಾನು ನಕ್ಕೆ, ಅಲ್ಲ ಅನ್ನಲಿಲ್ಲ. ಆಮೇಲೆ ಮರೆತೇಬಿಟ್ಟೆ. ಸಾಲುಗಳು ಯಾರಿಂದ ಯಾರಿಗೋ ಹೋಗಿ, ಯಾರೋ ಒಬ್ಬ ಮುದುಕಿಯ ಫೋಟೋದ ಕೆಳಗೆ ಕೂತಿದ್ದವು.

ಸ್ಪರ್ಧೆ ನಡೆಸುವವರಿಗೆ ಫೋನ್ ಮಾಡಿದೆ. ಹೆಸರುಗಳ ಪಟ್ಟಿ ಮುಗಿದಿದೆ, ಈಗ ಬದಲಿಸಲಾಗುವುದಿಲ್ಲ ಅಂದರು. ಒತ್ತಾಯ ಮಾಡಿದ್ದರೆ ಕೇಳುತ್ತಿದ್ದರೋ ಏನೋ. ಒತ್ತಾಯ ಮಾಡಿದರೆ ಯಾಕೆ ಏನು ಎಂದು ಹೇಳಬೇಕಾಗುತ್ತಿತ್ತು. ಆಯಿತು ಎಂದು ಫೋನ್ ಇಟ್ಟೆ.

ಮರುದಿನ ಹುಡುಗಿ ಬಂದಳು. ಆದರೆ ಕೊಟ್ಟ ಮಾತನ್ನು ನಾನು ಅವತ್ತು ನಡೆಸಲಿಲ್ಲ. ಶನಿವಾರದ ಪಿರಿಯಡ್ಡಿನಲ್ಲೇ ಹೇಳೋಣ ಅಂದುಕೊಂಡೆ. ಶನಿವಾರ ಸ್ಪರ್ಧೆ ಬಂತು. ವ್ಯಾಪಾರಿಯ ಮಗಳನ್ನು ಬಸವಕಲ್ಯಾಣಕ್ಕೆ ಕರೆದುಕೊಂಡು ಹೋದೆ. ಮಕ್ಕಳು ಒಳಗೆ ಬರೆಯುತ್ತಿದ್ದಾಗ ಹೊರಗಿನ ಕಟ್ಟೆಯ ಮೇಲೆ ಕೂತು, ಆ ಮಗು ನನಗೆ ಕೊಟ್ಟಿದ್ದ ಪ್ರಬಂಧದ ಒಂದೆರಡು ಸಾಲನ್ನು ಮೊಬೈಲಿನಲ್ಲಿ ಹಾಕಿ ನೋಡಿದೆ. ಅರ್ಧಕ್ಕರ್ಧ ಬೇರೆ ಕಡೆಯಿಂದ ತೆಗೆದದ್ದು. ಅದನ್ನೇ ಬಾಯಿಪಾಠ ಮಾಡಿ ಒಳಗೆ ಬರೆಯುತ್ತಿದ್ದಳು. ಹೊರಗೆ ಬಂದಾಗ ಚೆನ್ನಾಗಿ ಬರೆದೆಯಾ ಅಂದೆ. ಬರೆದೆ ಅಂದಳು. ಅವಳಿಗೆ ಸಮಾಧಾನಕರ ಬಹುಮಾನ ಬಂತು. ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಮುಖ್ಯ ಗುರುಗಳು ಅವಳನ್ನು ಕರೆದು ಪ್ರಶಸ್ತಿ ಪತ್ರ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗಿಯರ ಸಾಲಿನ ನಡುವೆ ಕಿಟಕಿಯ ಪಕ್ಕದ ಆ ಹುಡುಗಿಯೂ ತಟ್ಟುತ್ತಿದ್ದಳು. ನಾನು ನೆಲ ನೋಡುತ್ತ ನಿಂತೆ.

ಅವತ್ತೇ ತರಗತಿಗೆ ಹೋಗಿ ಹೇಳಿದೆ. ಆ ಬರಹ ಇವಳದೇ, ಮೊದಲು ಬರೆದವಳು ಇವಳೇ, ನಾನು ದಿನಾಂಕ ನೋಡದೆ ತಪ್ಪು ಮಾಡಿದೆ, ನೀವೆಲ್ಲ ಕೇಳುವ ಹಾಗೆ ಇವಳ ಕ್ಷಮೆ ಕೇಳುತ್ತೇನೆ ಅಂದೆ. ಹಾಗಾದರೆ ಅದು ಅಲ್ಲಿಗೆ ಹೇಗೆ ಹೋಯಿತು ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಕೇಳುವುದನ್ನು ಕಲಿಸಿದವನು ನಾನೇ. ನಮ್ಮ ಶಿಕ್ಷಕರ ಗ್ರೂಪಿನಲ್ಲಿ ನಾನು ಹಾಕಿದ್ದೆ, ಅವಳ ಹೆಸರು ಹಾಕಲು ಮರೆತಿದ್ದೆ, ಅಲ್ಲಿಂದ ಹೋಗಿದೆ ಅಂದೆ. ಅಮ್ಮಿ ಅವ್ವ ಆದದ್ದರ ಬಗ್ಗೆ, ಟೈಪ್ ಮಾಡುವಾಗ ತಪ್ಪಾಯಿತು ಅಂದೆ.

ಆಗ ಆ ಹುಡುಗಿ ಎದ್ದು ನಿಂತಳು.

“ಗ್ರೂಪಿನ್ಯಾಗ, ಯಾರ್ ಬರ್ದಿದ್ದು ಅಂತ ಯಾರೂ ಕೇಳ್ಲಿಲ್ಲೇನ್ರಿ ಸರ್?”

“ಇಲ್ಲ,” ಅಂದೆ.

ಅವಳು ಕೂತಳು. ಮೊದಲಿನ ತಪ್ಪು ತಿಳಿಯದೆ ಆದದ್ದು ಎಂದು ಹೇಗೋ ಸಮಾಧಾನ ಮಾಡಿಕೊಳ್ಳಬಹುದಿತ್ತು. ಈ ‘ಇಲ್ಲ’ ಹಾಗಲ್ಲ. ನಲವತ್ತು ಮಕ್ಕಳ ಮುಂದೆ, ತಿಳಿದೂ ತಿಳಿದೂ, ಕ್ಷಮೆ ಕೇಳುತ್ತಲೇ ಸುಳ್ಳು ಹೇಳಿದ್ದೆ.

ಪಿರಿಯಡ್ ಮುಗಿದ ಮೇಲೆ ಅವಳನ್ನು ಕರೆದು, ಆ ಪುಟದವರಿಗೆ ಬರೆಯುತ್ತೇನೆ, ಏನೆಂದು ಬರೆಯಲಿ ಎಂದು ಕೇಳಿದೆ. ನನ್ನ ಹೆಸರು ಹಾಕಲು ಹೇಳಿ, ಅಮ್ಮಿ ಅಂತ ಮಾಡಲು ಹೇಳಿ ಅಂದಳು. ಹಾಗೆಯೇ ಬರೆದೆ. ಅವರಿಗೂ ಯಾರೋ ಕಳಿಸಿದ್ದಂತೆ, ಯಾರದೆಂದು ಗೊತ್ತಿಲ್ಲವಂತೆ, ತಕರಾರು ಬೇಡ, ತೆಗೆದುಬಿಡುತ್ತೇವೆ ಎಂದು ಉತ್ತರ ಬಂತು. ಮರುದಿನ ನೋಡಿದರೆ ಬರಹ ಇರಲಿಲ್ಲ. ನಾನು ಏನೋ ಸಾಧಿಸಿದವನ ಹಾಗೆ ಹೋಗಿ ಅವಳಿಗೆ ಹೇಳಿದೆ.

“ತೆಗೀರಿ ಅಂತ ನಾ ಎಲ್ಲಿ ಅಂದಿದ್ದೆ ಸರ್?” ಅಂದಳು. “ಹೆಸರು ಹಾಕ್ರಿ ಅಂದಿದ್ದೆ.”

ಹತ್ತನೆಯ ತರಗತಿಯಲ್ಲೂ ಅವಳಿಗೆ ನಾನೇ ಕನ್ನಡ ಕಲಿಸಿದೆ. ಎದುರಿಗೆ ಬಂದರೆ ನಮಸ್ಕಾರ ಹೇಳುತ್ತಿದ್ದಳು, ಹೋಮ್‌ವರ್ಕ್ ತಪ್ಪಿಸುತ್ತಿರಲಿಲ್ಲ. ಪ್ರಬಂಧ ಬರೆ ಅಂದರೆ ಗೈಡಿನಲ್ಲಿ ಇರುವ ಹಾಗೆ ಪೀಠಿಕೆ, ವಿವರಣೆ, ಉಪಸಂಹಾರ ಮಾಡಿ ಬರೆದುಕೊಡುತ್ತಿದ್ದಳು. ಪರಿಸರ ಮಾಲಿನ್ಯ, ಗ್ರಂಥಾಲಯದ ಮಹತ್ವ. ಒಂದು ಅಕ್ಷರ ತಪ್ಪಿಲ್ಲ, ಒಂದು ಸಾಲು ಅವಳದಲ್ಲ. ನಿನ್ನದೇ ಮಾತಿನಲ್ಲಿ ಬರೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಪೂರ್ತಿ ಅಂಕ ಕೊಟ್ಟು ಸಹಿ ಮಾಡುತ್ತಿದ್ದೆ.

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಅವಳು ಟಿ.ಸಿ. ಒಯ್ಯಲು ಒಬ್ಬಳೇ ಬಂದಿದ್ದಳು. ಕ್ಲರ್ಕ್ ಬರುವುದು ತಡವಿತ್ತು. ವರಾಂಡದ ಬೆಂಚಿನ ಮೇಲೆ ಕೂತಿದ್ದಳು. ಇನ್ನು ಇವಳು ಈ ಕಡೆ ಬರುವುದಿಲ್ಲ ಅನ್ನಿಸಿ, ಹತ್ತಿರ ಹೋಗಿ ಹೇಳಿದೆ. ಗ್ರೂಪಿನಲ್ಲಿ ಒಬ್ಬರು ಕೇಳಿದ್ದರು, ನಾನು ಕೈಮುಗಿದು ನನ್ನದೆಂಬ ಹಾಗೆ ಮಾಡಿದ್ದೆ, ಅವ್ವ ಅಂತ ಬೇಕೆಂದೇ ಬದಲಿಸಿದ್ದೆ, ನಿನ್ನ ಹೆಸರು ಮರೆತದ್ದಲ್ಲ ಎಂದು ಎಲ್ಲವನ್ನೂ ಹೇಳಿದೆ.

ಅವಳು ಬೆಂಚಿನಿಂದ ಎದ್ದು ನಿಂತಳು.

“ಈಗ ಯಾಕ ಹೇಳಾಕತ್ತೀರಿ ಸರ್?”

ಆಗಲೇ ಹೇಳಬೇಕಿತ್ತು ಅಂದೆ. ಅದು ಅವಳ ಪ್ರಶ್ನೆಗೆ ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

“ನನಗ ಹೇಳಿದ್ರ ಏನಾತ್ರಿ? ನಾ ಬರ್ದಿದ್ದು ನನಗ ಗೊತ್ತೇ ಐತಿ,” ಅಂದಳು. “ಕೇಳಿದವರಿಗೆ ಹೇಳ್ರಿ.”

ಅಷ್ಟರಲ್ಲಿ ಕ್ಲರ್ಕ್ ಬಂದರು. ಟಿ.ಸಿ. ತೆಗೆದುಕೊಂಡು, ಎರಡು ಸಲ ಓದಿ ನೋಡಿ, ಮಡಿಸಿ ಇಟ್ಟುಕೊಂಡು, ಬರ್ತೀನ್ರಿ ಸರ್ ಎಂದು ಹೋದಳು.

ಅವತ್ತು ಸಂಜೆ ಬಸ್ಸಿನಲ್ಲಿ ಕೂತು ಗ್ರೂಪಿಗೆ ಬರೆದೆ. ಹೀಗೊಂದು ಬರಹ ಹಾಕಿದ್ದೆ, ಅದು ನನ್ನದಲ್ಲ, ನನ್ನ ವಿದ್ಯಾರ್ಥಿನಿಯದು ಎಂದು ಅವಳ ಹೆಸರು ಬರೆದು, ಅಮ್ಮಿ ಇದ್ದ ಹಾಗೆಯೇ ಸಾಲುಗಳನ್ನು ಮತ್ತೆ ಹಾಕಿದೆ. ನನ್ನದೆಂದು ನೀವು ತಿಳಿಯಲು ಬಿಟ್ಟೆ ಎಂದೂ ಬರೆದೆ. ಬಸ್ ಊರು ಮುಟ್ಟುವಷ್ಟರಲ್ಲಿ ಚಪ್ಪಾಳೆಯ ಚಿತ್ರಗಳು ತುಂಬಿದ್ದವು. ಒಬ್ಬರು ‘ಎಂಥ ದೊಡ್ಡ ಗುಣ ಸರ್ ನಿಮ್ಮದು’ ಎಂದು ಹಾಕಿದ್ದರು. ಹುಡುಗಿಯ ಬರಹದ ಬಗ್ಗೆ ಬರೆದವರು ಒಬ್ಬಿಬ್ಬರು ಮಾತ್ರ.

ನಿವೃತ್ತ ಗುರುಗಳು ಏನನ್ನೂ ಹಾಕಿರಲಿಲ್ಲ. ಅವರು ಗ್ರೂಪ್ ಬಿಟ್ಟು ತಿಂಗಳುಗಳೇ ಆಗಿದ್ದವಂತೆ. ಭಾನುವಾರ ಅವರ ಮನೆಗೆ ಹೋದೆ. ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ವಿಷಯ ಹೇಳಿದರೆ ಅವರಿಗೆ ನೆನಪೇ ಇರಲಿಲ್ಲ. ಯಾವ ಬರಹ, ನಾನು ಏನು ಕೇಳಿದ್ದೆ ಎಂದರು. ಇಷ್ಟು ದಿನ ನಾನು ಅಂಜಿದ್ದೆಲ್ಲ ಅವರ ತಲೆಯಲ್ಲಿ ಒಂದು ದಿನವೂ ಉಳಿದಿರಲಿಲ್ಲ. ಆದರೂ ಮೊದಲಿನಿಂದ ಹೇಳಿದೆ. ತರಗತಿಯಲ್ಲಿ ಅವಳನ್ನು ನಿಲ್ಲಿಸಿ ಓದಿಸಿದ್ದನ್ನೂ ಬಿಡಲಿಲ್ಲ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಆ ಸಾಲುಗಳನ್ನು ಓದು ಅಂದರು. ಓದಿದೆ. ಇನ್ನೊಮ್ಮೆ ಓದಿಸಿಕೊಂಡರು.

“ಹುಡ್ಗಿ ಈಗ ಏನ್ ಮಾಡಾಕತ್ತಾಳ?” ಎಂದು ಕೇಳಿದರು.

ಹುಮನಾಬಾದಿನಲ್ಲೇ ಕಾಲೇಜಿಗೆ ಸೇರುತ್ತಾಳಂತೆ ಅಂದೆ.

“ಬರೀತಾಳೇನು?”

ಗೊತ್ತಿಲ್ರಿ ಅಂದೆ. ಒಳಗಿನಿಂದ ಚಹಾ ಬಂತು, ಕುಡಿದು ಎದ್ದು ಬಂದೆ.